ಬಟವಾಡೆಯಾಗದ ಪತ್ರಗಳ ಪಟ್ಟಿ (ವಂಶಾವಳಿ ಸಂಶೋಧನೆ)

ಬಟವಾಡೆಯಾಗದ ಪತ್ರಗಳ ಪಟ್ಟಿ ಎಂದರೆ ಅಂಚೆ ಕಚೇರಿಗೆ ತಲುಪಿಯೂ ವಿಳಾಸದಾರರು ಪಡೆದುಕೊಳ್ಳದೆ ಉಳಿದ ಪತ್ರಗಳ ಹೆಸರುವಾರು ಪ್ರಕಟಣೆ. 18 ಮತ್ತು 19ನೆಯ ಶತಮಾನಗಳಲ್ಲಿ ಇಂತಹ ಪಟ್ಟಿಗಳು ಪತ್ರಿಕೆಗಳಲ್ಲಿಯೂ ಸರ್ಕಾರಿ ಗೆಜೆಟ್‌ಗಳಲ್ಲಿಯೂ ಅಚ್ಚಾಗುತ್ತಿದ್ದವು. ವಲಸೆ ಹೋದ ಪೂರ್ವಜರ ಜಾಡು ಹಿಡಿಯಲು ಕುಟುಂಬ ಇತಿಹಾಸದ ಸಂಶೋಧಕರು ಇವುಗಳನ್ನು ಪೂರಕ ಆಕರವಾಗಿ ಬಳಸುತ್ತಾರೆ.

== ಹಿನ್ನೆಲೆ ==
ಮನೆಬಾಗಿಲಿಗೆ ಬಟವಾಡೆ ವ್ಯಾಪಕವಾಗುವ ಮುನ್ನ ಜನರೇ ಅಂಚೆ ಕಚೇರಿಗೆ ಹೋಗಿ ಪತ್ರ ಪಡೆಯಬೇಕಿತ್ತು. ಅಂಚೆ ದರವನ್ನು ಹಲವು ವೇಳೆ ಪತ್ರ ಪಡೆಯುವವರೇ ತೆರಬೇಕಾಗಿದ್ದರಿಂದ ಕೆಲವರು ಪತ್ರವನ್ನು ನಿರಾಕರಿಸುತ್ತಿದ್ದರು. ಅಮೆರಿಕದ ಪತ್ರಿಕೆಗಳು ಮತ್ತು ಆಸ್ಟ್ರೇಲಿಯದ ವಸಾಹತುಗಳ ಗೆಜೆಟ್‌ಗಳು ಈ ಬಗೆಯ ಪಟ್ಟಿಗಳಿಗೆ ಪ್ರಸಿದ್ಧವಾಗಿವೆ. ಭಾರತದಲ್ಲಿ ಕಂಪನಿ ಆಳ್ವಿಕೆಯ ಕಾಲದ ಪ್ರಕಟಿತ ಪಟ್ಟಿಗಳಲ್ಲಿ ಯುರೋಪಿಯನ್ನರ ಹೆಸರುಗಳೇ ಹೆಚ್ಚು.

1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯು ಕೊನೆಗೂ ಬಟವಾಡೆಯಾಗದ ಕಾಗದ ಮತ್ತು ಕಾರ್ಡುಗಳನ್ನು ನಾಶಪಡಿಸಲು ವಿಧಿಸಿತ್ತು. ಆದುದರಿಂದ ಮೂಲ ಪತ್ರ ದೊರೆಯುವ ಸಂಭವ ತೀರ ಕಡಿಮೆ. ಎಲ್ಲಿ ಪಟ್ಟಿ ಅಚ್ಚಾಗಿದೆಯೋ ಅಲ್ಲಿ ಹೆಸರು ಮಾತ್ರ ಉಳಿಯುತ್ತದೆ.

== ಸಾಕ್ಷ್ಯದ ಮೌಲ್ಯ ==
ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆ ವ್ಯಕ್ತಿ ಆ ಊರಿನಲ್ಲಿ ನೆಲೆಸಿದ್ದನೆಂದು ಹೇಳಲಾಗದು. ಆತ ಅಲ್ಲಿರುವನೆಂದು ಪತ್ರ ಬರೆದವರು ನಂಬಿದ್ದರು ಎಂಬುದಷ್ಟೇ ಸಿದ್ಧವಾಗುತ್ತದೆ. ಆತ ಊರು ಬಿಟ್ಟಿರಬಹುದು, ಮೃತಪಟ್ಟಿರಬಹುದು ಅಥವಾ ಅಲ್ಲಿಗೆ ಬಂದೇ ಇರದಿರಬಹುದು. ಪಟ್ಟಿಯ ದಿನಾಂಕವೂ ಪತ್ರ ಬರೆದ ದಿನಾಂಕವಲ್ಲ.

== ಕೊಳ್ಳೇಗಾಲ ಪ್ರದೇಶ ==
ಕುಂತೂರು, ಹನೂರು, ಯಳಂದೂರು ಮುಂತಾದ ಊರುಗಳು ಇಂದು ಚಾಮರಾಜನಗರ ಜಿಲ್ಲೆಯಲ್ಲಿವೆ. ಆದರೆ 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಕೊಳ್ಳೇಗಾಲವು ಕಂಪನಿಯ ವಶವಾಗಿ, 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರು ಸಂಸ್ಥಾನದಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಹೀಗಾಗಿ ನೆರೆಯ ತಾಲೂಕುಗಳ ಹಳೆಯ ಅಂಚೆ ದಾಖಲೆಗಳನ್ನೂ ಬೇರೆ ಬೇರೆ ಕಡೆ ಹುಡುಕಬೇಕಾಗುತ್ತದೆ: ಕೊಳ್ಳೇಗಾಲದ ಕುರಿತು ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿ ಮತ್ತು ಮದರಾಸಿನ ಗೆಜೆಟ್‌ನಲ್ಲಿ, ಯಳಂದೂರಿನ ಕುರಿತು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ. ಹುಡುಕುವ ಮುನ್ನ, ಆ ಕಾಲದಲ್ಲಿ ಗ್ರಾಮವು ಯಾವ ತಾಲೂಕಿನಲ್ಲಿತ್ತೆಂಬುದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.

== ಮಿತಿಗಳು ==
ಇಂಗ್ಲಿಷ್ ಗುಮಾಸ್ತರು ಹೆಸರುಗಳನ್ನು ಕಿವಿಗೆ ಕೇಳಿದಂತೆ ಬರೆಯುತ್ತಿದ್ದುದರಿಂದ ಕಾಗುಣಿತ ಸ್ಥಿರವಾಗಿಲ್ಲ. ಹಳೆಯ ದಾಖಲೆಗಳಲ್ಲಿ ಕೊಳ್ಳೇಗಾಲದ ಹೆಸರು ‘ಕೆ’ ಬದಲು ‘ಸಿ’ ಅಕ್ಷರದಿಂದ ಆರಂಭವಾಗುವುದುಂಟು. ಮಹದೇವ, ಸಿದ್ದಯ್ಯ, ರಾಚಯ್ಯ ಮುಂತಾದ ಹೆಸರುಗಳು ಈ ಭಾಗದಲ್ಲಿ ಸಾಮಾನ್ಯವಾಗಿರುವುದರಿಂದ ತಂದೆಯ ಹೆಸರು ಅಥವಾ ಊರಿನ ಹೆಸರು ಹೊಂದದಿದ್ದರೆ ಗುರುತಿಸುವುದು ಸಾಧ್ಯವಿಲ್ಲ. ಅಕ್ಷರಸ್ಥರಲ್ಲದ ರೈತ, ಕೂಲಿಕಾರ ಕುಟುಂಬಗಳು ಹಾಗೂ ಮಹಿಳೆಯರು ಇಂತಹ ಪಟ್ಟಿಗಳಲ್ಲಿ ಕಾಣಸಿಗುವುದು ವಿರಳ.

== ಪೂರಕ ಆಕರಗಳು ==
ಪಟ್ಟಿಯಲ್ಲಿ ದೊರೆತ ಹೆಸರನ್ನು ಕಂದಾಯ ದಾಖಲೆ, ನೋಂದಾಯಿತ ಕ್ರಯಪತ್ರ ಮತ್ತು ಶಾಲಾ ದಾಖಲಾತಿ ಪುಸ್ತಕಗಳೊಂದಿಗೆ ಹೋಲಿಸಿ ನೋಡಲಾಗುತ್ತದೆ. ಮನೆತನಗಳ ವಂಶಾವಳಿಯನ್ನು ಪರಂಪರೆಯಿಂದ ಹೇಳುತ್ತ, ಬರೆದಿಡುತ್ತ ಬಂದಿರುವ ಹೆಳವರ ಹೊತ್ತಿಗೆಗಳು ಕರ್ನಾಟಕದಲ್ಲಿ ಇಂತಹ ಹೋಲಿಕೆಗೆ ಒದಗುವ ಮತ್ತೊಂದು ಆಕರವಾಗಿವೆ.