ಅಹಮದಾಬಾದಿನಲ್ಲಿ ಒಂದು ಹಗಲು

ಆಧುನಿಕ ವಾಸ್ತುಶಿಲ್ಪ ನೋಡಬೇಕೆಂದಾಗ ನಮ್ಮಲ್ಲಿ ಮೊದಲು ನೆನಪಾಗುವ ಊರು ಚಂಡೀಗಢ. ಆದರೆ ಬಿಡುವಿರುವುದು ಒಂದೇ ದಿನವಾದರೆ ಅಹಮದಾಬಾದಿಗೆ ಹೋಗುವುದು ಒಳ್ಳೆಯದು. 1411ರಲ್ಲಿ ಸುಲ್ತಾನ ಅಹಮದ್ ಷಾ ಸ್ಥಾಪಿಸಿದ ಹಳೆಯ ನಗರ ಸಾಬರಮತಿಯ ಪೂರ್ವ ದಡದಲ್ಲಿದೆ. ಸ್ವಾತಂತ್ರ್ಯಾನಂತರದ ಹೆಸರಾಂತ ಕಟ್ಟಡಗಳು ಪಶ್ಚಿಮ ದಡದಲ್ಲಿವೆ. ಹೊಸದನ್ನು ನೋಡಲು ಹೋದವರು ಹಳೆಯದರಿಂದಲೇ ಆರಂಭಿಸಬೇಕೆಂಬುದು ನಮ್ಮ ಅಭಿಪ್ರಾಯ.

ಹಾಗಾಗಿ ಬೆಳಗಿನ ಮೊದಲ ಭೇಟಿ ಸೀದಿ ಸೈಯದ್ ಮಸೀದಿಗೆ. 1573ರ ಸುಮಾರಿಗೆ, ಗುಜರಾತಿನ ಸುಲ್ತಾನರ ಆಳ್ವಿಕೆ ಮುಗಿದು ಅಕ್ಬರನ ಸೇನೆ ಬಂದ ಹೊತ್ತಿನಲ್ಲಿ, ಇದನ್ನು ಕಟ್ಟಿಸಿದವನು ಆಫ್ರಿಕಾ ಮೂಲದ ಹಬ್ಶಿ. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳನ್ನು ಬಲ್ಲ ಕನ್ನಡಿಗರಿಗೆ ಅವನ ಹೆಸರು ತೀರ ಅಪರಿಚಿತವಾಗಿ ಕೇಳಿಸದು. ಮಸೀದಿಯ ಕಮಾನುಗಳಲ್ಲಿ ಕಲ್ಲಿನ ಜಾಲಂಧ್ರಗಳಿವೆ. ಒಂದರಲ್ಲಿ ಮರದ ಕೊಂಬೆಗಳು ಬಳ್ಳಿಯಂತೆ ಹೆಣೆದುಕೊಂಡಿವೆ. ಬಿಸಿಲನ್ನು ಹೊರಗೆ ತಡೆದು, ಬೆಳಕನ್ನೂ ಗಾಳಿಯನ್ನೂ ಒಳಗೆ ಬಿಡುವುದು ಇವುಗಳ ಕೆಲಸ.

ಅಲ್ಲಿಂದ ಸೇತುವೆ ದಾಟಿದರೆ ಆಶ್ರಮ ರಸ್ತೆಯ ಗಿರಣಿ ಮಾಲೀಕರ ಸಂಘದ ಕಟ್ಟಡ. ಬಟ್ಟೆ ಗಿರಣಿಗಳ ಹಣ ಈ ಊರಿಗೆ ಲೆ ಕಾರ್ಬೂಸಿಯೆಯನ್ನು ಕರೆಸಿತು. 1954ರಲ್ಲಿ ಮುಗಿದ ಈ ಕಟ್ಟಡದಲ್ಲಿ, ರಸ್ತೆಯ ಕಡೆಗೆ ಓರೆಯಾಗಿ ನಿಲ್ಲಿಸಿದ ಕಾಂಕ್ರೀಟ್ ಹಲಗೆಗಳು ಪಶ್ಚಿಮದ ಬಿಸಿಲನ್ನು ತಡೆಯುತ್ತವೆ. ನದಿಯ ಕಡೆಯವು ಗಾಳಿಗೆ ದಾರಿ ಬಿಡುತ್ತವೆ. ಇದನ್ನು ಮಸೀದಿಯ ನಕಲು ಎಂದು ಹೇಳಲಾಗದು; ಆತ ಇಂಥ ಬಿಸಿಲುತಡೆಗಳನ್ನು ಮೊದಲೇ ಯೋಚಿಸಿದ್ದ. ಆದರೆ ಎರಡೂ ಕಟ್ಟಡಗಳ ಎದುರಿಗಿದ್ದದ್ದು ಒಂದೇ ಸೂರ್ಯ, ಒಂದೇ ಪ್ರಶ್ನೆ. ಅದೇ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಸಾಬರಮತಿ ಆಶ್ರಮ. ಚಾರ್ಲ್ಸ್ ಕೊರಿಯಾ ರೂಪಿಸಿದ, 1963ರಲ್ಲಿ ನೆಹರೂ ಉದ್ಘಾಟಿಸಿದ ಗಾಂಧಿ ಸಂಗ್ರಹಾಲಯ ಅದೇ ಪ್ರಶ್ನೆಗೆ ಇಟ್ಟಿಗೆ, ಹೆಂಚು, ಮರದ ಪಟ್ಟಿಗಳಲ್ಲಿ ಉತ್ತರ ಕೊಡುತ್ತದೆ. ಅದರ ಕಿಟಕಿಗಳಿಗೆ ಗಾಜಿಲ್ಲ.

ಮಧ್ಯಾಹ್ನವನ್ನು ಐಐಎಂಗೆ ಮೀಸಲಿಡಬೇಕು. ಅನುಮತಿಯನ್ನು ಮೊದಲೇ ಪಡೆದಿರಬೇಕು. ಅಮೆರಿಕದ ಲೂಯಿ ಕಾನ್ 1962ರಿಂದ ಇದರಲ್ಲಿ ತೊಡಗಿದ್ದ. 1974ರಲ್ಲಿ ಅಹಮದಾಬಾದಿನಿಂದ ಹಿಂತಿರುಗುತ್ತ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ಪ್ರಾಣಬಿಟ್ಟ. ಇಟ್ಟಿಗೆಯ ದಪ್ಪ ಗೋಡೆಗಳು, ಅವುಗಳಲ್ಲಿ ದೊಡ್ಡ ದುಂಡು ಕಿಂಡಿಗಳು, ಹಿಂದೆ ನೆರಳು. ಈ ಸಂಸ್ಥೆಯ ಲಾಂಛನಕ್ಕೆ ಮೂಲವಾದದ್ದು ನಾವು ಬೆಳಿಗ್ಗೆ ನೋಡಿದ ಸೀದಿ ಸೈಯದ್ ಜಾಲಂಧ್ರ! ಇಲ್ಲಿನ 18 ವಿದ್ಯಾರ್ಥಿ ನಿಲಯಗಳಲ್ಲಿ 14ನ್ನು ಕೆಡವುವ ಯೋಜನೆ 2020ರಲ್ಲಿ ಬಂತು, ವಿರೋಧದಿಂದ ಹಿಂದೆ ಸರಿಯಿತು, 2022ರಲ್ಲಿ ಮರುನಿರ್ಮಾಣದ ಹೆಸರಿನಲ್ಲಿ ಮತ್ತೆ ಬಂತು. ನಾಲ್ಕೂವರೆ ಶತಮಾನದ ಕಲ್ಲು ಉಳಿದಿದೆ, ಅರ್ಧ ಶತಮಾನದ ಇಟ್ಟಿಗೆಗೆ ಭರವಸೆಯಿಲ್ಲ.

ಸಂಜೆಗೆ ಗುಫಾ. ಇದನ್ನು ಕಟ್ಟಿದವರು ಬಾಲಕೃಷ್ಣ ದೋಶಿ. ಕಾರ್ಬೂಸಿಯೆಯ ಶಿಷ್ಯ, ಕಾನ್‌ನ ಸಹವರ್ತಿ, ಫತೇಪುರ್ ಸಿಕ್ರಿಯ ಅಂಗಳಗಳಿಂದ ಪ್ರೇರಣೆ ಪಡೆದು ನಮ್ಮ ಬೆಂಗಳೂರಿನ ಐಐಎಂ ರೂಪಿಸಿದವರು, 2023ರಲ್ಲಿ ತೀರಿಕೊಂಡರು. ನೆಲದಡಿಯ ಈ ಗುಹೆಯ ಗೋಡೆಗಳ ಮೇಲೆ ಎಂ.ಎಫ್. ಹುಸೇನ್ ಚಿತ್ರ ಬರೆದರು. 1995ರಲ್ಲಿ ಮುಗಿದಾಗ ಅದರ ಹೆಸರು ಹುಸೇನ್-ದೋಶಿ ಗುಫಾ. ಒಬ್ಬ ಮುಸ್ಲಿಮ್, ಒಬ್ಬ ಹಿಂದೂ, ನಡುವೆ ಒಂದು ಅಡ್ಡಗೆರೆ. 1996ರಲ್ಲಿ ಪಕ್ಕದ ಗ್ಯಾಲರಿಗೆ ಬಜರಂಗದಳದವರು ನುಗ್ಗಿ ಹುಸೇನರ ಕೃತಿಗಳನ್ನು ನಾಶಮಾಡಿದರು. 2006ರಲ್ಲಿ ಅವರು ದೇಶ ಬಿಟ್ಟರು, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಗುಹೆಯ ಹೆಸರು ಈಗ 'ಅಮ್ದಾವಾದ್ ನಿ ಗುಫಾ'. ಊರಿನ ಹೆಸರಿಡುವುದರಲ್ಲಿ ತಪ್ಪೇನಿದೆ ಎಂದು ಯಾರಾದರೂ ಕೇಳಬಹುದು. ಊರಿನ ಹೆಸರು ದೊಡ್ಡದೇ. ಆದರೆ ಆ ಅಡ್ಡಗೆರೆ ಎಲ್ಲಿ ಹೋಯಿತು?

ಹೋಗುವವರು ಸೋಮವಾರ, ರಜಾದಿನಗಳನ್ನು ಬಿಟ್ಟು ಹೋಗಲಿ. ಪಟ್ಟಿಯಲ್ಲಿ ಪ್ರತಿ ಕಟ್ಟಡದ ಮುಂದೆ ಅದನ್ನು ಕಟ್ಟಿದವರ ಹೆಸರು ಬರೆದುಕೊಳ್ಳಲಿ: ಸೀದಿ ಸೈಯದ್, ಕಾರ್ಬೂಸಿಯೆ, ಕೊರಿಯಾ, ಕಾನ್. ಕೊನೆಯ ಸಾಲಿನಲ್ಲಿ ಹುಸೇನ್ ಮತ್ತು ದೋಶಿ ಎಂದು ಎರಡೂ ಹೆಸರುಗಳಿರಲಿ. ಫಲಕದಲ್ಲಿ ಅಳಿದದ್ದು ನಮ್ಮ ಕೈಬರಹದಲ್ಲಾದರೂ ಉಳಿಯಬೇಕು.