ತರೀಕೆರೆಯ ದಂಗೆ, ಅರಸರ ಅರ್ಜಿ

ಮಾತಿನಲ್ಲಿ ಬಗೆಹರಿಯದಿದ್ದರೆ ಕೊನೆಗೆ ದಂಡು ಎಂದು ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಇತಿಹಾಸ ಪಾಠ ಹೇಳುವ ನನಗೆ ಆ ‘ಕೊನೆಗೆ’ ಎಂಬ ಪದದ ಮೇಲೇ ಅನುಮಾನ. ಅದಕ್ಕೆ ಕಾರಣ ನಮ್ಮ ತರೀಕೆರೆ ಸೀಮೆಯದೇ ಒಂದು ಕಥೆ.

ಆಗ ಮೈಸೂರು ಸಂಸ್ಥಾನದಲ್ಲಿ ‘ಶರತ್ತು’ ಪದ್ಧತಿಯಿತ್ತು. ಇಷ್ಟು ಕಂದಾಯ ತರುತ್ತೇನೆಂದು ಅಮಲ್ದಾರ ಸರ್ಕಾರಕ್ಕೆ ಬರೆದುಕೊಡಬೇಕು. ಅವನು ಅದನ್ನು ಯಾರಿಂದ ಹಿಂಡುತ್ತಿದ್ದನೆಂದು ಬೇರೆ ಹೇಳಬೇಕೆ? 1830ರಲ್ಲಿ ನಗರ ಪ್ರಾಂತ್ಯದ ರೈತರು ಕೂಟ ಸೇರಿದರು. ಅವರು ಮೊದಲು ಹಿಡಿದದ್ದು ಕತ್ತಿಯನ್ನಲ್ಲ, ಅಹವಾಲನ್ನು. ನಂಬುವಂಥ ಪರಿಹಾರ ಸಿಗದಾಗ ಆ ಅಸಮಾಧಾನದ ಮೇಲೆ ನಗರದ ಗದ್ದುಗೆ ತನ್ನದೆಂದ ಬೂದಿ ಬಸವಪ್ಪ ಎದ್ದು ನಿಂತ. ತರೀಕೆರೆಯ ಪಾಳೆಯಗಾರ ಮನೆತನವೂ ಕೈಜೋಡಿಸಿತು.

ಮುಮ್ಮಡಿ ಕೃಷ್ಣರಾಜ ಒಡೆಯರು ಆ ಡಿಸೆಂಬರಿನಲ್ಲಿ ತಾವೇ ಚನ್ನರಾಯಪಟ್ಟಣದವರೆಗೆ ಬಂದರು. ಕೆಲವರಿಗೆ ಗಲ್ಲಾಯಿತು, ಕೆಲವರಿಗೆ ಛಡಿಯೇಟು. ದಂಗೆ ಅಡಗಲಿಲ್ಲ. ಕೊನೆಗೆ ಕಂಪನಿಯ ಪಡೆ ಬರಬೇಕಾಯಿತು. 1831ರ ಜೂನ್‌ನಲ್ಲಿ ನಗರ ಕೈಸೇರಿತು. ಅಕ್ಟೋಬರಿನಲ್ಲಿ ಕಂಪನಿ ರಾಜ್ಯದ ಆಡಳಿತವನ್ನೇ ತೆಗೆದುಕೊಂಡಿತು. ತರೀಕೆರೆಯ ಸರ್ಜಾ ಹನುಮಪ್ಪ ನಾಯಕನನ್ನು 1834ರಲ್ಲಿ ಗಲ್ಲಿಗೇರಿಸಿದರು. ಪಾಳೆಯಗಾರನೂ ಸೋತ, ಅರಸರೂ ಸೋತರು.

ಊರು ಲೂಟಿಯಾಗುವಾಗ ಅರಸ ಕೈಕಟ್ಟಿ ಕೂರಬೇಕಿತ್ತೇ ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ಬೆಂಕಿ ಬಿದ್ದ ಮೇಲೆ ನೀರು ಹಾಕಲೇಬೇಕು. ಆದರೆ ಕಂಪನಿ ನೇಮಿಸಿದ ಸಮಿತಿ 1833ರಲ್ಲಿ ವರದಿ ಕೊಟ್ಟಾಗ ದಂಗೆಯ ಬೇರು ದುರಾಡಳಿತದಲ್ಲಿದೆ ಎಂದಿತು. ಆ ವಿಚಾರಣೆ ದಂಡು ಹೊರಡುವ ಮೊದಲೇ ಪ್ರಾಮಾಣಿಕವಾಗಿ ನಡೆದಿದ್ದರೆ? ಬೇರೆಲ್ಲ ದಾರಿ ಸವೆಸಿ ನೋಡಿದವರಿಗೆ ಮಾತ್ರ ದಂಡು ಕೊನೆಯ ದಾರಿ. ಮಿಕ್ಕವರಿಗೆ ಅದು ಹತ್ತಿರದ ದಾರಿ, ಅಷ್ಟೆ.

ನನ್ನ ಮನಸ್ಸಿಗೆ ಹೆಚ್ಚು ತಟ್ಟುವುದು ಮುಂದಿನ ಭಾಗ. ರಾಜ್ಯ ಕಳೆದುಕೊಂಡ ಅದೇ ಅರಸರು ಮೂವತ್ತು ವರ್ಷಕ್ಕೂ ಮೇಲೆ ಅರ್ಜಿ ಬರೆದರು. ಕಲ್ಕತ್ತೆಗೆ ಬರೆದರು, ಲಂಡನ್ನಿಗೆ ಬರೆದರು. ‘ಇಲ್ಲ’ ಎಂಬ ಉತ್ತರ ಬಂದರೂ ಬಿಡಲಿಲ್ಲ. 1865ರಲ್ಲಿ ದತ್ತು ತೆಗೆದುಕೊಂಡರು. ಕೊನೆಗೆ ಬ್ರಿಟಿಷ್ ಸರ್ಕಾರ ಆ ದತ್ತನ್ನು ಒಪ್ಪಿತು. 1868ರಲ್ಲಿ ಅರಸರು ತೀರಿಕೊಂಡರು. 1881ರ ಮಾರ್ಚ್ 25ರಂದು ಆ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು.

ಬಲದಿಂದ ಒಂದು ವರ್ಷದೊಳಗೆ ಹೋದದ್ದು ಕಾಗದದಿಂದ ಬರಲು ಐವತ್ತು ವರ್ಷ ಹಿಡಿಯಿತು. ಆದರೆ ಬಂತು, ಅದೂ ಒಂದು ಗುಂಡೂ ಹಾರದೆ. ಅಷ್ಟೇ ತಾಳ್ಮೆಯಲ್ಲಿ ಕಾಲುಭಾಗ 1830ರಲ್ಲಿ ರೈತರ ಕೂಟದ ಮುಂದೆ ತೋರಿದ್ದರೆ ಸಾಕಿತ್ತೇನೋ ಎಂದು ನನಗೆ ಅನ್ನಿಸುತ್ತದೆ.