ಎ ಡಿಫರೆಂಟ್ ವರ್ಲ್ಡ್

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1987ರಿಂದ 1993ರವರೆಗೆ ಆರು ಸರಣಿಗಳಲ್ಲಿ ಪ್ರಸಾರವಾದ ಹಾಸ್ಯ ಧಾರಾವಾಹಿ; ‘ದಿ ಕಾಸ್ಬಿ ಷೋ’ದಿಂದ ಕವಲೊಡೆದದ್ದು. ಮೂಲ ಧಾರಾವಾಹಿಯ ಹಕ್ಸ್‌ಟಬಲ್ ಕುಟುಂಬದ ಎರಡನೆಯ ಮಗಳು ಡೆನಿಸ್ (ಲೀಸಾ ಬೊನೆ) ಮನೆ ಬಿಟ್ಟು ಕಾಲೇಜು ಸೇರುವುದರೊಂದಿಗೆ ಕಥೆ ಆರಂಭವಾಗುತ್ತದೆ. ಅವಳು ಓದುವ ಹಿಲ್‌ಮನ್ ಕಾಲೇಜು ವರ್ಜೀನಿಯಾದಲ್ಲಿರುವಂತೆ ಕಲ್ಪಿಸಿದ, ಕಪ್ಪು ವರ್ಣೀಯರ ಉನ್ನತ ಶಿಕ್ಷಣಕ್ಕೆಂದು ಹುಟ್ಟಿದ ಸಂಸ್ಥೆ. ಮೊದಲ ಸರಣಿಯ ಬಳಿಕ ಬೊನೆ ಗರ್ಭಿಣಿಯಾದ ಕಾರಣ ಹೊರನಡೆದರು. ಕಥೆಯ ಕೇಂದ್ರ ವಿಟ್ಲಿ ಗಿಲ್ಬರ್ಟ್ (ಜ್ಯಾಸ್ಮಿನ್ ಗೈ) ಮತ್ತು ಡ್ವೇನ್ ವೇನ್ (ಕಡೀಮ್ ಹಾರ್ಡಿಸನ್) ಜೋಡಿಯತ್ತ ಸರಿಯಿತು.

ಧಾರಾವಾಹಿಗೆ ನಿಜವಾದ ತಿರುವು ಬಂದದ್ದು ಎರಡನೆಯ ಸರಣಿಯಲ್ಲಿ. ಹಿಲ್‌ಮನ್‌ನಂತೆಯೇ ಕಪ್ಪು ವರ್ಣೀಯರ ಶಿಕ್ಷಣಕ್ಕೆಂದು ಹುಟ್ಟಿದ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದ್ದ ನಟಿ, ನೃತ್ಯ ಸಂಯೋಜಕಿ ಡೆಬಿ ಆಲನ್ ನಿರ್ಮಾಪಕಿ-ನಿರ್ದೇಶಕಿಯಾಗಿ ಸೇರಿ ಕ್ಯಾಂಪಸ್ ಬದುಕಿಗೆ ಅನುಭವದ ಸತ್ವ ತುಂಬಿದರು. ವರ್ಣಭೇದ, ದಕ್ಷಿಣ ಆಫ್ರಿಕದ ವರ್ಣನೀತಿ, ಪರಿಚಿತರಿಂದಲೇ ನಡೆಯುವ ಅತ್ಯಾಚಾರ ಮುಂತಾದವು ಹಾಸ್ಯದ ಚೌಕಟ್ಟಿನೊಳಗೆ ಬಂದವು. ಎಚ್‌ಐವಿ ಸೋಂಕಿತ ವಿದ್ಯಾರ್ಥಿನಿಯನ್ನು ಕುರಿತ 1991ರ ಕಂತಿನಲ್ಲಿ ವೂಪಿ ಗೋಲ್ಡ್‌ಬರ್ಗ್ ಅಧ್ಯಾಪಕಿಯಾಗಿ ನಟಿಸಿದರು. 1992ರ ಲಾಸ್ ಏಂಜಲೀಸ್ ಗಲಭೆ ಕೊನೆಯ ಸರಣಿಯ ಆರಂಭಕ್ಕೆ ವಸ್ತುವಾಯಿತು. ಕಪ್ಪು ಯುವಜನರ ಕಾಲೇಜು ಜೀವನವನ್ನು ಇಷ್ಟು ವಿವರವಾಗಿ ತೋರಿಸಿದ ಜನಪ್ರಿಯ ಧಾರಾವಾಹಿ ಅಮೆರಿಕದ ಕಿರುತೆರೆಯಲ್ಲಿ ಅದಕ್ಕೆ ಮೊದಲು ಇರಲಿಲ್ಲ.